ಆಸ್ಪತ್ರಿ ಹಿಂದಿನ ಮನಿ

ವೀಳ್ಯದೆಲಿ ಬುಟ್ಟಿಯ ತಂಪು ಹಿಮ್ಮಡಿಗೆ ತಾಗಿತು, ಒದ್ದೆ ಗೋಣಿತಟ್ಟು ಸುತ್ತಿದ ಬುಟ್ಟಿ, ಸವಣೂರಿನಲ್ಲಿ ಹತ್ತಿದ ಮುದುಕನೊಬ್ಬ ಅದನ್ನು ಮಂಜವ್ವನ ಸೀಟಿನ ಕೆಳಗೆ ನೂಕಿ ತಾನು ಹಿಂದೆ ಹೋಗಿ ನಿಂತಿದ್ದ, ಬಸ್ಸು ಕುಲುಕಿದಾಗಲೆಲ್ಲ ಹನಿ ಹನಿಯಾಗಿ ನೀರು ಇಳಿದು ಅವಳ ಸೀರೆಯ ಅಂಚು ತೋಯಿಸುತ್ತಿತ್ತು, ತೋಯಲಿ ಬಿಡು, ಹುಬ್ಬಳ್ಳಿ ಮುಟ್ಟುವ ತನಕ ಆ ಎಲಿಗೆ ಹಸಿ ಆರಬಾರದು, ಬಿಸಿಲು ತಾಗಿದರೆ ಬಾಡಿ ಹೋಗುತ್ತವೆ, ಅದಕ್ಕೇ ಎಷ್ಟು ಜ್ವಾಕಿಯಿಂದ ಹೊದಿಸಿದ್ದಾನೆ ಮುದುಕ, ಜ್ವರ ಬಂದ ಕೂಸಿಗೆ ಹೊದಿಸಿದ ಹಾಗೆ — ಬ್ಯಾಡ, ಅದು ಬ್ಯಾಡ, ಹೊರಗ ನೋಡು ಎಂದು ತನಗೆ ತಾನೇ ಹೇಳಿಕೊಂಡು ಹೊರಗೆ ನೋಡಿದಳು, ಶಿಗ್ಗಾಂವಿ ಹಿಂದಾಗಿ ದೊಡ್ಡ ರಸ್ತೆ ಸಿಕ್ಕಿತ್ತು, ಮೊದಲ ಮಳೆ ಕುಡಿದ ಹೊಲಗಳು ಕಪ್ಪಗೆ ಮಿಂಚುತ್ತಿದ್ದವು, ತಡಸದ ಕ್ರಾಸಿನಲ್ಲಿ ನೀಲಿ ಅಂಗಿಯ ಹುಡುಗಿಯರು ಪಾಟೀಚೀಲ ಹೊತ್ತು ಬಸ್ಸಿಗೆ ಕಾಯುತ್ತ ನಿಂತಿದ್ದರು, ಸಾಲಿ ಸುರುವಾದ ವಾರ ಇದು, ಹೊರಗೂ ನೋಡುವ ಹಾಗಿಲ್ಲ. ಕಂಡಕ್ಟರ್ ಬಂದು ಎಲ್ಲಿಗವ್ವಾ ಅಂದಾಗ ಆಧಾರ್ ಕಾರ್ಡು ಮುಂದೆ ಹಿಡಿದು ಹುಬ್ಬಳ್ಳಿ, ಎರಡು ಅಂದುಬಿಟ್ಟಿದ್ದಳು, ಬಾಯಿಗೆ ರೂಢಿ, ಅವನು ಇನ್ನೊಬ್ರು ಎಲ್ಲದಾರ್ರಿ ಎಂದು ಪಕ್ಕದ ಸೀಟು ನೋಡಿದ, ಅಲ್ಲಿ ಯಾರದೋ ಟವಲು ಇತ್ತು, ಒಂದ ಕೊಡಪ್ಪಾ ಎಂದಳು, ಅವನು ಮತ್ತೇನೂ ಕೇಳದೆ ಒಂದೇ ಚೀಟಿ ಹರಿದುಕೊಟ್ಟ, ಪುಣ್ಯಾತ್ಮ, ಕೇಳಿದ್ದರೆ ಏನು ಹೇಳುತ್ತಿದ್ದಳು.

ಕುಕ್ಕರ್ ಒಂದು ನೆವ. ಹುಬ್ಬಳ್ಳಿಯ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಮಕ್ಕಳಿಗೆ ದೊಡ್ಡ ಜಡ್ಡು ಬಂದವರು ಇಳಿದುಕೊಳ್ಳಲೆಂದು ಯಾರೋ ಪುಣ್ಯವಂತರು ಬಿಟ್ಟುಕೊಟ್ಟ ಮನೆಯಿದೆ, ಅಲ್ಲಿಯ ಅಡುಗೆಮನೆಯ ಗೂಡಿನಲ್ಲಿ ಅವಳ ಕುಕ್ಕರ್ ಉಳಿದಿದೆ, ಸಂಕ್ರಾಂತಿ ಮುಗಿದ ಮೇಲೆ ಮಗಳು ವಿದ್ಯಾನನ್ನು ಎತ್ತಿಕೊಂಡು ಹತ್ತಿಮತ್ತೂರಿಗೆ ಹೊರಟಾಗ ಅದರ ನೆನಪು ಯಾರಿಗಿತ್ತು. ನಾ ಹೋಗಿ ತರ್ತೇನಿ, ಹೆಂಗೂ ಹುಬ್ಬಳ್ಳ್ಯಾಗ ಕೆಲಸ ಐತಿ ಎಂದು ಗಂಡ ಉಡಚಪ್ಪ ಅಂದಿದ್ದ, ಗೌಂಡಿ ಕೆಲಸದವನು, ಮಗಳನ್ನು ಮಣ್ಣು ಮಾಡಿ ಬಂದ ಮೂರನೇ ದಿನವೇ ಯಾರದೋ ಗೋಡೆ ಕಟ್ಟಲು ಹೋದವನು, ಮನೆಯಲ್ಲಿ ಕೂತರೆ ಹುಚ್ಚು ಹಿಡಿದೀತು ಅಂತ ಹೋದವನು, ಅದು ಅವಳಿಗೆ ಗೊತ್ತು, ಅವನ ಮೇಲೆ ಸಿಟ್ಟಿಲ್ಲ. ಬ್ಯಾಡ, ನಾನ ಹೋಗ್ತೇನಿ ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ — ಈ ಊರಾಗ ಯಾರೂ ಆಕಿ ಹೆಸರ ತಗೊಳ್ಳಂಗಿಲ್ಲ, ನಳದ ಹತ್ತಿರ ನಾ ಹೋದ್ರ ಮಾತು ನಿಂದರತೈತಿ, ಹೆಂಗಸರು ಕೊಡ ಎತ್ತಿಕೊಂಡು ದಾರಿ ಬಿಡುತ್ತಾರೆ, ಒಳ್ಳೆಯವರೇ, ನೋಯಿಸಬಾರದು ಎಂದು ಬಿಡುತ್ತಾರೆ, ಅವರ ಮಕ್ಕಳನ್ನು ಸೆರಗಿನ ಹಿಂದೆ ಸರಿಸಿಕೊಳ್ಳುತ್ತಾರೆ, ಏಳು ವರ್ಷ ಬದುಕಿದ ಹುಡುಗಿ, ಓಣಿಯ ಎಲ್ಲ ಕಟ್ಟೆಗಳ ಮೇಲೂ ಕುಂಟೆಬಿಲ್ಲೆ ಆಡಿದ ಹುಡುಗಿ, ಹುಟ್ಟಿಯೇ ಇರಲಿಲ್ಲವೇನೋ ಎಂಬಂತೆ ಅಳಿಸಿಹಾಕಿಬಿಟ್ಟರು. ಆ ಮನೆಯಲ್ಲಾದರೆ ಹಾಗಲ್ಲ. ಆ ಮನೆಯಲ್ಲಿ ಮಂಜವ್ವ ಎಂದು ಅವಳನ್ನು ಯಾರೂ ಕರೆದವರಲ್ಲ, ಅಲ್ಲಿ ಯಾವ ಹೆಂಗಸಿಗೂ ಸ್ವಂತ ಹೆಸರಿಲ್ಲ, ವಿದ್ಯಾನ ಅವ್ವ, ತನುಜಾನ ಅವ್ವ, ಅಷ್ಟೇ, ಬಚ್ಚಲಿನ ಪಾಳಿಗೂ ಅದೇ, ಒಲೆಯ ಪಾಳಿಗೂ ಅದೇ, ವಿದ್ಯಾನವ್ವಾ ನಿಂದಾತೇನ, ನಂದು ಅನ್ನ ಇಡೋದೈತಿ.

ಮೊದಲ ಸಲ ಬಂದಾಗ ಅವಳಿಗೆ ಅಂಥ ಮನೆಯೊಂದು ಇದೆಯೆಂದೇ ಗೊತ್ತಿರಲಿಲ್ಲ, ಆಸ್ಪತ್ರೆಯ ವರಾಂಡದಲ್ಲಿ ಕೌದಿ ಹಾಸಿಕೊಂಡು ಬಿದ್ದಿದ್ದರು, ಒಳಗೆ ವಿದ್ಯಾನ ಕೈಗೆ ಸಲೈನು, ಹೊರಗೆ ಉಡಚಪ್ಪ ಮೊಣಕಾಲು ತಬ್ಬಿ ಕೂತು ಗೋಡೆಯ ಗಿಲಾವು ನೋಡುತ್ತಿದ್ದ, ರಕ್ತದಾಗಿನ ಜಡ್ಡು ಅಂತ, ವರ್ಷಗಟ್ಟಲೆ ಓಡಾಡಬೇಕಂತ, ಆಗ ಆ ಮನೆ ನೋಡಿಕೊಳ್ಳುವ ಮಹಾದೇವಕ್ಕ ಬಂದಳು, ನರೆತ ತುರುಬು, ಗಂಡಸಿನ ಹಾಗೆ ದೊಡ್ಡ ಹೆಜ್ಜೆ, ಇಲ್ಯಾಕ ಬಿದ್ದೀರಿ, ಎದ್ದು ನಡೀರಿ, ಹಿಂದ ಮನಿ ಐತಿ ಎಂದು ಅವಳೇ ಕೌದಿ ಸುತ್ತಿ ಬಗಲಲ್ಲಿ ಇಟ್ಟುಕೊಂಡಳು. ಆ ಮನೆಯ ಬಾಗಿಲ ಮೇಲೆ ಉದ್ದದ ಹೆಸರು ಬರೆದಿದೆ, ಅದನ್ನು ಓದಿದವರಿಲ್ಲ, ಎಲ್ಲರಿಗೂ ಅದು ಹಿಂದಿನ ಮನಿ. ಒಂದು ಕುಟುಂಬಕ್ಕೆ ಒಂದು ಕೋಣೆ, ಕೆಳಗೆ ಎಲ್ಲರಿಗೂ ಸೇರಿ ಅಡುಗೆಮನೆ, ಹೊರಗಿನ ತಿಂಡಿ ಒಳಗೆ ಬರಬಾರದು, ಚಪ್ಪಲಿ ಗೇಟಿನಲ್ಲಿ, ಸಾಬೂನು ಹಚ್ಚಿ ಕೈ ತೊಳೆಯದೆ ಮಕ್ಕಳನ್ನು ಮುಟ್ಟಬಾರದು, ಇಷ್ಟೇ ಕಾನೂನು. ಅಲ್ಲಿ ಸವಣೂರಿನ ಹಾಜರಾಬಿ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದಳು, ಅಕ್ಕಿಆಲೂರಿನ ಶೀಲಾ ಮಗಳು ತನುಜಾನನ್ನು, ಜೊತೆಗೆ ಅತ್ತೆ ವೀರವ್ವನನ್ನು. ಹೊಲಮನೆ ಇದ್ದವರು, ಹಣೆಯ ತುಂಬ ವಿಭೂತಿ, ವೀರವ್ವ ಮೊದಲ ದಿನವೇ ನೀವು ಯಾರ ಪೈಕಿರಿ ಎಂದು ಕೇಳಿದ್ದಳು, ಮಂಜವ್ವ ಮುಚ್ಚಿಡದೆ ಹೇಳಿದ್ದಳು, ಮರುದಿನ ವೀರವ್ವನ ಪಾತ್ರೆಗಳು ಅಡುಗೆಮನೆಯ ಆಚೆ ಮೂಲೆಗೆ ಸರಿದಿದ್ದವು, ಅದೇನು ಹೊಸದಲ್ಲ, ಮಗಳ ಜಡ್ಡಿನ ಮುಂದೆ ಅದು ನೋಯುವಷ್ಟೂ ಜಾಗ ಅವಳೊಳಗೆ ಆಗ ಇರಲಿಲ್ಲ. ಆದರೆ ಹುಡುಗಿಯರಿಗೆ ಮೂಲೆ ಎಲ್ಲಿ ಗೊತ್ತು, ವಿದ್ಯಾ ಮತ್ತು ತನುಜಾ ಒಂದೇ ಕೌದಿಯೊಳಗೆ ತಲೆ ಹೊಕ್ಕಿಸಿ ಏನೇನೋ ಪಿಸುಗುಟ್ಟುತ್ತಿದ್ದರು, ಔಷಧಕ್ಕೆ ಬಾಯಿಯೆಲ್ಲ ಹುಣ್ಣಾಗಿ ತನುಜಾ ಹನಿ ನೀರೂ ನುಂಗದ ದಿನ ವಿದ್ಯಾನ ಬಟ್ಟಲಿನಿಂದ ನುಚ್ಚಿನ ಗಂಜಿ ಕುಡಿದಳು, ಮತ್ತೆ ಬೇಕು ಅಂದಳು, ಸಂಜೆ ವೀರವ್ವನೇ ಖಾಲಿ ಬಟ್ಟಲು ಹಿಡಿದು ಬಂದು ಬಾಗಿಲಲ್ಲಿ ನಿಂತಳು, ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ, ಸ್ವಲ್ಪ ಇದ್ರ ಕೊಡವಾ ಎಂದಳು, ಮರುದಿನ ಆ ಬಟ್ಟಲನ್ನು ತನ್ನ ಕೈಯಾರೆ ತಿಕ್ಕಿ, ಬೆಳಗಿ, ತಂದು ಮಂಜವ್ವನ ಗೂಡಿನಲ್ಲಿ ಇಟ್ಟಳು. ಅಷ್ಟೇ. ಅದರ ಮೇಲೆ ಮಾತು ಬೆಳೆಯಲಿಲ್ಲ, ಪಾತ್ರೆಗಳೂ ಮೂಲೆ ಬಿಟ್ಟು ಬಂದವು. ಮಳೆಗಾಲದಲ್ಲಿ ಹಾಜರಾಬಿಯ ಮೊಮ್ಮಗ ಹೋದ, ಎಲ್ಲರೂ ತಮ್ಮ ತಮ್ಮ ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು, ಏನಾತವ್ವಾ ಎಂದು ಮಕ್ಕಳು ಕೇಳಿದರೆ ಊರಿಗೆ ಹೋದ್ರು ಎಂದರು, ಆ ಮನೆಯಲ್ಲಿ ಹೋದವರಿಗೆಲ್ಲ ಅದೊಂದೇ ಮಾತು, ವಾಸಿಯಾಗಿ ಹೋದವರಿಗೂ ಅದೇ.

ಬಸ್ಸಿಳಿದು ನಡೆದಳು, ಕಾಲಿಗೆ ದಾರಿ ಗೊತ್ತು, ಔಷಧಿ ಅಂಗಡಿಗಳ ಸಾಲು, ಎಳನೀರಿನವ, ಹಿಂದಿನ ಓಣಿ, ಗೇಟಿನಲ್ಲಿ ಚಪ್ಪಲಿ ಬಿಟ್ಟಳು, ನಳದ ಹತ್ತಿರ ಹೋಗಿ ಸಾಬೂನು ಹಚ್ಚಿ ಮೊಣಕೈತನಕ ಕೈ ತೊಳೆದಳು, ತೊಳೆಯುತ್ತಿರುವಾಗಲೇ ಯಾಕೆ ಎಂದು ಹೊಳೆಯಿತು, ಯಾರನ್ನು ಮುಟ್ಟಲು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, ಹೊಸಬಳು, ಹಿರೇಕೆರೂರು ಕಡೆಯ ಮಾತು, ಮುಖದಲ್ಲಿ ಇನ್ನೂ ಆ ಮೊದಲ ದಿನಗಳ ಗಾಬರಿ, ಸರಿದು ಜಾಗ ಮಾಡಿಕೊಟ್ಟು ಕೇಳಿದಳು, ನೀವು ಯಾರ ಅವ್ವರಿ. ಇಲ್ಲಿ ಎಲ್ಲರೂ ಎಲ್ಲರಿಗೂ ಕೇಳುವ ಮಾತು, ಬ್ಯಾರೆ ಏನು ಕೇಳ್ಯಾಳು ಆಕಿ — ನೀರು ಹರಿಯುತ್ತಲೇ ಇತ್ತು, ನಳ ನಿಲ್ಲಿಸಬೇಕು, ನಿಲ್ಲಿಸಿದಳು, ಕುಕ್ಕರ್ ಒಯ್ಯಾಕ ಬಂದೇನ್ರಿ ಎಂದಳು. ಅಷ್ಟರಲ್ಲಿ ಮಹಾದೇವಕ್ಕ ಒಳಗಿಂದ ಬಂದವಳು ಅವಳನ್ನು ನೋಡಿ ನಿಂತಲ್ಲೇ ನಿಂತಳು, ಆಮೇಲೆ ಬಂದು ತೋಳು ಹಿಡಿದಳು, ಬಾರವಾ ವಿದ್ಯಾನವ್ವಾ ಎಂದಳು. ಅಂದುಬಿಟ್ಟಳು. ಇದಕ್ಕೇ ಬಂದದ್ದು, ಇಷ್ಟಕ್ಕೇ, ಶಿಗ್ಗಾಂವಿ ದಾಟಿ ತಡಸ ದಾಟಿ ಈ ಒಂದು ಮಾತಿಗೇ ಬಂದದ್ದು ಎಂದು ಆಗ ತಿಳಿಯಿತು, ಅಳು ಬರಲಿಲ್ಲ.

ಅಡುಗೆಮನೆಯಲ್ಲಿ ಚಹಾ ಕೊಟ್ಟರು. ಶೀಲಾ ಮೆಟ್ಟಿಲಿಳಿದು ಬಂದಳು, ಸೊರಗಿದ್ದಾಳೆ, ವೀರವ್ವ ಮೊಣಕಾಲು ನೋವೆಂದು ಊರಲ್ಲೇ ಉಳಿದಳಂತೆ, ಗಂಡ ಬಂದು ಹೋಗಿ ಮಾಡುತ್ತಾನಂತೆ, ಹೇಳುತ್ತ ಹೇಳುತ್ತ ಅವಳ ಕಣ್ಣು ಪದೇ ಪದೇ ಮೇಲಿನ ಕೋಣೆಯ ಕಡೆ ಹೋಗುತ್ತಿತ್ತು. ತನುಜಾ ಹ್ಯಾಂಗದಾಳ ಎಂದು ಕೇಳಿದಳು ಮಂಜವ್ವ. ಔಷಧ ಹತ್ತೈತಿ ಅಂತಾರ್ರಿ ಡಾಕ್ಟರು, ಕಡೀ ಸುತ್ತು ಇದು, ಆದ್ರ ಇವತ್ತ ಬೆನ್ನಿಗೆ ಸೂಜಿ ಐತಿ, ಮುಂಜಾನಿಂದ ಒಲ್ಲೆ ಅಂತ ಕುಂತಾಳ, ಕಿಡಕಿ ಸರಳ ಹಿಡಕೊಂಡಾಳ, ಬಿಡವಲ್ಲಳು, ನನಗ ವಾಸಿ ಆಗಂಗಿಲ್ಲ ಅಂತಾಳ್ರಿ, ಆ ಮಾತು ಎಲ್ಲಿಂದ ಕಲತಳೋ — ಶೀಲಾ ಒಲೆಯ ಕಡೆ ತಿರುಗಿದಳು. ಮಂಜವ್ವನ ಮುಖ ನೋಡದೆ ಹೇಳಿದಳು, ಆಕಿಗೆ ವಿದ್ಯಾನ ಸುದ್ದಿ ಗೊತ್ತಿಲ್ಲಕ್ಕಾ, ಊರಿಗೆ ಹೋಗ್ಯಾಳ ಅಂತ ಹೇಳೇವಿ, ನೀವು ಸಿಟ್ಟ ಮಾಡ್ಕೋಬ್ಯಾಡ್ರಿ, ಹಿತ್ತಲ ಬಾಗಲಾ ತಗದಿರ್ತೈತಿ. ಮಹಾದೇವಕ್ಕ ಏ ಶೀಲಾ ಅಂದಳು. ಇರ್ಲಿ ಬಿಡ್ರಿ ಅಕ್ಕಾ, ಖರೇನ ಐತಿ ಎಂದಳು ಮಂಜವ್ವ. ಖರೇನ ಐತಿ, ಮಗಳನ್ನು ಕಳಕೊಂಡವಳ ಮುಖ ಕಂಡರೆ ಆ ಕೂಸು ಏನು ತಿಳಕೊಂಡೀತು, ನನ್ನ ವಿದ್ಯಾ ಇದ್ದು ತನುಜಾ ಹೋಗಿದ್ದರೆ ನಾನೂ ಹಿತ್ತಲ ಬಾಗಿಲು ತೋರಿಸುತ್ತಿದ್ದೆ, ತೋರಿಸದೆ ಏನು — ಆದರೂ ಊರಲ್ಲಿ ನಳದ ಹತ್ತಿರ ದಾರಿ ಬಿಟ್ಟ ಹಾಗೆಯೇ ಇಲ್ಲೂ ದಾರಿ ಬಿಟ್ಟರು, ಇನ್ನು ಎಲ್ಲಿಗೆ ಹೋಗಲಿ. ಗೂಡಿನಿಂದ ಕುಕ್ಕರ್ ಇಳಿಸಿಕೊಂಡಳು, ಯಾರೋ ಬಳಸಿ, ತೊಳೆದು ಇಟ್ಟಿದ್ದರು, ನಳದ ಹತ್ತಿರದ ಆ ಹೊಸಬಳೇ ಇರಬೇಕು, ಅದನ್ನು ತಿರುಗಿ ಇದ್ದಲ್ಲೇ ಇಟ್ಟಳು, ಇದು ಇಲ್ಲೇ ಇರ್ಲಿ ಅಕ್ಕಾ, ನಮ್ಮನ್ಯಾಗ ಇಬ್ಬರಿಗೆ ಎಷ್ಟ ಅನ್ನ ಬೇಕು ಎಂದು ಮಹಾದೇವಕ್ಕನಿಗೆ ಹೇಳಿ ಬರಿಗೈಲಿ ಹಿತ್ತಲಿಗೆ ಇಳಿದಳು.

ವಿದ್ಯಾನವ್ವಾ. ಮೇಲಿನಿಂದ ಬಂತು. ಕೀರಲು, ಒಣಗಿದ ದನಿ, ಕಿಟಕಿಯ ಸರಳಿಗೆ ಮುಖ ಒತ್ತಿ ಹಿತ್ತಲಿಗೇ ಕಣ್ಣಿಟ್ಟು ಕೂತಿದ್ದಳು ಹುಡುಗಿ, ಹಿತ್ತಲ ಬಾಗಿಲಿನಿಂದ ಹೋದರೇ ಕಾಣುವಂತಿತ್ತು, ಅದು ಶೀಲಾಗೆ ಹೊಳೆದಿರಲಿಲ್ಲ. ಈಗ ಹೋಗದೆ ಇದ್ದರೆ ಇನ್ನೂ ಕೆಟ್ಟದ್ದು. ಮೂವರೂ ಮೆಟ್ಟಿಲೇರಿದರು. ತನುಜಾ ಮಂಚದ ಮೇಲೆ ಕೂತಿದ್ದಳು, ಮೂಗಿಗೆ ಮಾಸ್ಕು, ತಲೆಗೆ ಬಿಗಿಯಾದ ಗುಲಾಬಿ ಟೊಪ್ಪಿಗೆ, ಮುಖದಲ್ಲಿ ಉಳಿದದ್ದು ಬರೀ ಕಣ್ಣು, ಆ ಕಣ್ಣು ಮಂಜವ್ವನನ್ನೂ ಅವಳ ಹಿಂದಿನ ಬಾಗಿಲನ್ನೂ ನೋಡಿದವು, ಬಾಗಿಲಲ್ಲಿ ಮತ್ತ್ಯಾರೂ ಬರಲಿಲ್ಲ. ವಿದ್ಯಾ ಎಲ್ಲಿ. ಊರಾಗ ಅದಾಳವಾ. ಸಾಲಿಗೆ ಹೋಗ್ತಾಳೇನ. ಹೂಂ, ಮೂರನೇ ಕ್ಲಾಸಿಗೆ ಹೋಗ್ತಾಳ, ಮೊನ್ನೆ ಸಾಲಿ ಸುರುವಾದ್ವು. ಹೇಳುತ್ತಿದ್ದ ಹಾಗೆ ಮಂಜವ್ವನಿಗೆ ಕಾಣತೊಡಗಿತು, ಹೊಸ ಚೀಲ, ನೀಲಿ ಅಂಗಿ, ತಡಸದ ಕ್ರಾಸಿನ ಹುಡುಗಿಯರ ನಡುವೆ ನಿಂತ ಹಾಗೆ, ಬಿಸಿಯೂಟದ ತಾಟು, ಬಿದ್ದು ಮೊಣಕಾಲು ಕೆತ್ತಿಕೊಂಡಳು, ಮಾಸ್ತರು ಬಯ್ದರು ಅಂತ ಅತ್ತಳು, ಬಾಯಿಂದ ಒಂದೊಂದೇ ಬರುತ್ತಿದ್ದವು, ನಿಲ್ಲಿಸಲು ಮನಸ್ಸಾಗಲಿಲ್ಲ, ಎಷ್ಟು ದಿನವಾಯಿತು ಅವಳ ಬಗ್ಗೆ ಇಷ್ಟು ಮಾತಾಡಿ. ಶೀಲಾ ಗೋಡೆಗೆ ಆನಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ತನುಜಾ ಎಲ್ಲವನ್ನೂ ಕೇಳಿದಳು, ನಗಲಿಲ್ಲ, ಕೇಳಿ ಮುಗಿದ ಮೇಲೆ ಅಂದಳು, ಖರೇ ಹೇಳು, ಊರಿಗೆ ಹೋಗ್ಯಾಳೋ, ಹಾಜರಾಬಿ ಮೊಮ್ಮಗ ಹೋದಂಗ ಹೋಗ್ಯಾಳೋ. ಈ ಮನೆಯ ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ, ಬಾಗಿಲು ಹಾಕಿಕೊಂಡರೆ ಬಾಗಿಲು ಯಾಕೆ ಹಾಕಿದರೆಂದೂ ಗೊತ್ತಿರುತ್ತದೆ. ಹತ್ತಿಮತ್ತೂರಾಗ ಅದಾಳ ಎಂದಳು ಮಂಜವ್ವ, ಅದು ಸುಳ್ಳಲ್ಲ, ಹತ್ತಿಮತ್ತೂರಿನಲ್ಲೇ ಇದ್ದಾಳೆ, ಹಳ್ಳದ ದಂಡೆಗೆ, ಎಲ್ಲಿಗೂ ಹೋಗಿಲ್ಲ. ಹುಡುಗಿ ಅವಳ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. ಹಂಗಾರ ಕೂದಲಾ ಬಂದಾವೇನ.

ಕೂದಲಾ. ಅದನ್ನು ಯಾರೂ ಕೇಳಿರಲಿಲ್ಲ, ಉಡಚಪ್ಪನೂ ಮಂಜವ್ವನೂ ತಮ್ಮತಮ್ಮಲ್ಲೂ ಆಡಿರಲಿಲ್ಲ. ಬಂದಾವ ಎಂದಳು. ದನಿ ಬೇರೆಯಾಗಿತ್ತು, ಅವಳಿಗೇ ಕೇಳಿಸಿತು, ಇಷ್ಟು ಹೊತ್ತು ಹರಿದ ಮಾತಿನ ದನಿ ಅಲ್ಲ ಇದು. ಎಷ್ಟ, ಎಂದು ಕೇಳಿತು ಕೂಸು. ಮಂಜವ್ವ ಬಲಗೈ ಎತ್ತಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಂದು ಬಿಟ್ಟು ತೋರಿಸಿದಳು, ಇಷ್ಟ. ತನುಜಾ ಮುಂದೆ ಬಾಗಿ ಆ ಸಂದನ್ನು ನೋಡಿದಳು, ಮಾಸ್ಕಿನ ಮೇಲಿನ ಕಣ್ಣು ಸಣ್ಣದಾದವು, ಮೆತ್ತಗದಾವೋ, ಬಿರಸದಾವೋ. ಮೆತ್ತಗದಾವ, ಹೊಸಾ ಹತ್ತಿ ಇದ್ದಂಗ, ಮುಂದ ಕಡಿಮಿ, ಹಿಂದ ದಟ್ಟ, ನೆತ್ತಿ ಮ್ಯಾಲ ಒಂದ ಸುಳಿ ಐತಿ, ಎಣ್ಣಿ ಹಚ್ಚಿದ್ರ ಅಲ್ಲೇ ಕುಂದರತಾವ, ಗಾಳಿಗೆ ಮತ್ತ ಏಳತಾವ. ಇಷ್ಟು ಹೇಳುವಾಗ ಅವಳ ಎಡಗೈ ಗಾಳಿಯಲ್ಲಿ ಒಂದು ತಲೆಯ ದುಂಡು ಸವರುತ್ತಿತ್ತು, ಅದನ್ನು ತನುಜಾ ಕಂಡಳು, ಸುಳ್ಳು ಹೇಳುವವರ ಕೈ ಹಾಗೆ ಆಡುವುದಿಲ್ಲ. ಕಿಟಕಿಯ ಸರಳು ಬಿಟ್ಟಳು. ಯಾವಾಗ ಬಂದ್ವು. ಔಷಧ ನಿಂತ ಮ್ಯಾಲ ಬಂದ್ವು ನನ್ನವ್ವಾ. ನನ್ನ ಔಷಧನೂ ಇದ ಕಡೀದಂತ, ಎಂದು ತನುಜಾ ಟೊಪ್ಪಿಗೆಯ ಮೇಲಿನಿಂದ ನೆತ್ತಿ ಮುಟ್ಟಿ ನೋಡಿಕೊಂಡಳು, ಮಂಚದಿಂದ ಕಾಲು ಇಳಿಬಿಟ್ಟು ಚಪ್ಪಲಿ ಹುಡುಕಿದಳು, ಸೂಜಿಗೆ ನಡೀ ಅವ್ವಾ, ಆಮ್ಯಾಲ ಹೊತ್ತಾಗತೈತಿ ಎಂದಳು. ಶೀಲಾ ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಮಂಜವ್ವನ ಎದುರು ಒಂದು ಗಳಿಗೆ ನಿಂತಳು, ಹೋಗು ಹೋಗು ಎಂದು ಮಂಜವ್ವನೇ ತಲೆಯಾಡಿಸಿದಳು. ಸೂಜಿ ಆಯಿತು, ಅಳಲಿಲ್ಲವಂತೆ ಎಂದು ಮಹಾದೇವಕ್ಕ ಆಸ್ಪತ್ರೆಯಿಂದ ಸುದ್ದಿ ತಂದ ಮೇಲೆಯೇ ಮಂಜವ್ವ ಎದ್ದಳು, ಮುಂದಿನ ಬಾಗಿಲಿನಿಂದಲೇ ಹೊರಟಳು, ಮಹಾದೇವಕ್ಕ ಗೇಟಿನತನಕ ಬಂದು, ಹಿಂಗ ಬರ್ತಿರವಾ ವಿದ್ಯಾನವ್ವಾ ಎಂದಳು.

ಬಸ್ಸಿನಲ್ಲಿ ಕೂತಿದ್ದಾಳೆ, ಬಿಸಿಲು ಇಳಿಯುತ್ತಿದೆ, ತೊಡೆಯ ಮೇಲೆ ಬಲಗೈ ಇದೆ, ಹೆಬ್ಬೆರಳು ತೋರುಬೆರಳು ಇನ್ನೂ ಹಾಗೇ ನಿಂತಿವೆ, ನಡುವೆ ಅಷ್ಟೇ ಸಂದು, ಯಾವಾಗಿನಿಂದ ಹಾಗಿದೆಯೋ, ಓಣಿ ದಾಟುವಾಗಲೂ ಹಾಗೇ ಇತ್ತೋ ಏನೋ. ಅಷ್ಟೆಲ್ಲ ಹೇಳಿದ್ದರಲ್ಲಿ ಕೂದಲಿನದೊಂದು ಪೂರಾ ನಿಜ. ಇನ್ನು ನಮ್ಮ ಕೈಯಾಗ ಏನೂ ಇಲ್ಲ, ಮನಿಗೆ ಕರಕೊಂಡು ಹೋಗ್ರಿ, ಬೇಕಾದ್ದು ತಿನ್ನಸ್ರಿ ಎಂದು ಡಾಕ್ಟರು ಔಷಧ ನಿಲ್ಲಿಸಿದರು, ಊರಿಗೆ ಬಂದು ಸ್ವಲ್ಪ ದಿನಕ್ಕೆ ನೆತ್ತಿಯ ಮೇಲೆ ಬೂದು ನೆರಳಿನ ಹಾಗೆ ಏನೋ ಮೂಡಿತು, ಒರೆಸಿದರೆ ಹೋಗಲಿಲ್ಲ, ಅವ್ವಾ ಬಂದ್ವು ಎಂದು ವಿದ್ಯಾ ಕೂಗಿದಳು, ಕನ್ನಡಿ ಕೊಡು, ಅಪ್ಪಾ ನಿನ್ನ ಟೇಪ್ ತಾ, ಅಳಿ, ಉಡಚಪ್ಪ ಗೋಡೆ ಅಳೆಯುವ ಟೇಪು ಬಿಚ್ಚಿ ಅವಳ ತಲೆಗೆ ಹಿಡಿದ, ಇನ್ನೂ ಟೇಪಿಗೆ ಸಿಗವಲ್ವು ಮಗಳ, ತಡೀ ಎಂದ. ಔಷಧ ನಿಂತರೆ ಕೂದಲು ಬರುತ್ತದೆ, ಅದು ಔಷಧ ನಿಂತದ್ದರ ಗುರುತು, ಬೇರೇನಲ್ಲ, ಆಮೇಲೆ ತಿಳಿಯಿತು, ಆಗ ತಿಳಿಯಲಿಲ್ಲ, ಆಗ ಡಾಕ್ಟರು ತಪ್ಪಿದ್ದಾರೆ ಅಂದುಕೊಂಡರು, ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ಅಂದುಕೊಂಡರು, ಮೈ ಇಳಿಯುತ್ತಿತ್ತು, ತಲೆ ಹಸಿರಾಗುತ್ತಿತ್ತು, ಅವರು ತಲೆಯನ್ನೇ ನೋಡಿದರು. ದಿನಾ ಮುಂಜಾನೆ ಎದ್ದ ಕೂಡಲೆ ವಿದ್ಯಾ ತಾನೇ ಒಂದು ಎಳೆ ಹಿಡಿದು ಬೆರಳಿನಲ್ಲಿ ಅಳೆಯುತ್ತಿದ್ದಳು, ಹೆಬ್ಬೆರಳು, ತೋರುಬೆರಳು, ಆ ಸಂದು ಕದಲದ ಹಾಗೆ ಕೈಯನ್ನು ತಲೆಯಿಂದ ತೆಗೆದು ಮೆಲ್ಲಗೆ, ತುಂಬಿದ ಬಟ್ಟಲು ತರುವ ಹಾಗೆ ಅವ್ವನ ಕಣ್ಣಿನ ಮುಂದೆ ತರುತ್ತಿದ್ದಳು, ಇಷ್ಟ ಆಗ್ಯಾವವ್ವಾ, ಹೋಳಿ ಹುಣ್ಣಿಮೆಗೆ ಸ್ವಲ್ಪ, ಯುಗಾದಿಗೆ ಇನ್ನೂ ಸ್ವಲ್ಪ, ಕಡೆಯ ಮುಂಜಾನೆ ಕೈ ತಲೆಯತನಕ ಏರಲಿಲ್ಲ, ಹಾಸಿಗೆಯ ಮೇಲೆ ಇದ್ದಲ್ಲೇ ಬೆರಳು ಬಿಚ್ಚಿದಳು, ನಿನ್ನಿನಷ್ಟೇ, ನೋಡು ಎನ್ನುವ ಹಾಗೆ — ಬಸ್ಸು ಯಾವ ಊರಲ್ಲಿ ನಿಂತಿದೆಯೋ, ಯಾರೋ ಇಳಿಯುತ್ತಾರೆ, ಯಾರೋ ಹತ್ತುತ್ತಾರೆ, ಅವ್ವಾ ಸ್ವಲ್ಪ ಸರೀರಿ ಎನ್ನುತ್ತಾರೆ, ಮಂಜವ್ವ ಸರಿಯುತ್ತಾಳೆ, ಕೈಯನ್ನು ಮಾತ್ರ ಕದಲಿಸುವುದಿಲ್ಲ, ಕಿಟಕಿಯ ಬೆಳಕಿಗೆ ಅದನ್ನು ಎತ್ತಿ ಹಿಡಿಯುತ್ತಾಳೆ, ಹೆಬ್ಬೆರಳು, ತೋರುಬೆರಳು, ನಡುವೆ ಬೆಳಕು, ಇಷ್ಟ — ಇಷ್ಟ ಆಗ್ಯಾವ — ಇಷ್ಟ